ಮೂರನೇ ದಿನ ಮಧ್ಯಾಹ್ನ

ಬೇರೆ ಊರಲ್ಲಿ ತಯಾರಾದ ಯಾವ ವಸ್ತುವೂ ನಮ್ಮೂರಲ್ಲಿ ಎರಡೂವರೆ ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮೂರನೇ ದಿನ ಮಧ್ಯಾಹ್ನ, ಊಟ ಮುಗಿಸಿ ಜನ ಅಡ್ಡಾಗುವ ಹೊತ್ತಿಗೆ, ಅದು ತನ್ನ ಊರಿಗೆ ಹೊರಟುಹೋಗುತ್ತದೆ. ಹೋಗುವುದನ್ನು ಕಂಡವರಿಲ್ಲ. ನಮ್ಮ ಸೋದರಮಾವ ಒಮ್ಮೆ ಪೇಟೆಯ ಕೊಡೆಯನ್ನು ಹಗ್ಗದಿಂದ ಮುಂಗೈಗೆ ಕಟ್ಟಿಕೊಂಡು ಕಾದು ಕುಳಿತಿದ್ದ. ಒಂದು ಆಕಳಿಕೆ ಬಂತು, ಅಷ್ಟೇ. ಹಗ್ಗ ಕೈಯಲ್ಲೇ ಉಳಿಯಿತು, ಯಾಕೆಂದರೆ ಅದನ್ನು ಹೊಸೆದದ್ದು ನಮ್ಮೂರಲ್ಲಿ.

ಇದರಿಂದ ನಮಗೇನೂ ತೊಂದರೆಯಿಲ್ಲ. ಹೊರಗಿನ ಬಿಸ್ಕೀಟನ್ನು ತಂದ ದಿನವೇ ತಿನ್ನುತ್ತೇವೆ. ಹೊರಗಿನ ಸಾಮಾನಿಗೆ ನಾಲ್ಕನೇ ದಿನ ದುಡ್ಡು ಕೊಡುವುದು ನಮ್ಮಲ್ಲಿ ಪದ್ಧತಿ. ಗುಡಿಹಾಳ ಮಾಸ್ತರರ ಕನ್ನಡಕ ತಾಲೂಕಿನ ಅಂಗಡಿಯದು. ಅದು ಹೋದಾಗಲೆಲ್ಲ ಬಸ್ಸಿನ ಕಂಡಕ್ಟರ್ ಮರಳಿ ತಂದುಕೊಡುತ್ತಾನೆ, ಕನ್ನಡಕ ಇಲ್ಲದ ದಿನ ಮಾಸ್ತರರು ಮಗ್ಗಿ ಬಾಯಿಪಾಠ ಮಾಡಿಸುತ್ತಾರೆ. ಮನುಷ್ಯರಿಗೂ ಇದೇ ಲೆಕ್ಕ. ನಮ್ಮೂರಿಗೆ ವರ್ಗವಾಗಿ ಬರುವ ಸರಕಾರಿ ಅಧಿಕಾರಿಗಳಷ್ಟು ಚುರುಕಿನವರನ್ನು ನೀವು ಬೇರೆಲ್ಲೂ ಕಾಣುವುದಿಲ್ಲ.

ಉಳಿಸಿಕೊಳ್ಳಲೇಬೇಕು ಅನ್ನಿಸಿದರೆ ಅದಕ್ಕೂ ದಾರಿಯಿದೆ. ಹೊಸ್ತಿಲ ಮೇಲೆ ಒಂದು ಸೇರು ಅಕ್ಕಿ ತುಂಬಿ ಇಡಬೇಕು. ಬಂದವರು ಅದನ್ನು ಬಲಗಾಲಿಂದ ಒಳಕ್ಕೆ ಉರುಳಿಸಿ, ತಮ್ಮನ್ನು ಮನೆ ತುಂಬಿಸಿಕೊಳ್ಳುವವರ ಹೆಸರು ಹೇಳಬೇಕು. ಐದು ಜನ ಮುತ್ತೈದೆಯರು ಕೇಳಿಸಿಕೊಂಡು 'ಹೌದು' ಅನ್ನಬೇಕು; ಸೇರು ಮೊದಲೋ ಹೆಸರು ಮೊದಲೋ, ಎರಡೂ ನಡೆಯುತ್ತದೆ. ಆಮೇಲೆ ಅವರು ಆ ಮನೆಯವರು; ಮಾರುವಂತಿಲ್ಲ, ಕೊಡುವಂತಿಲ್ಲ, ಹಳತಾಯಿತೆಂದು ಎಸೆಯುವಂತಿಲ್ಲ. ಕನ್ನಡಕಕ್ಕೂ ಹಾಗೆ ಮಾಡಿ ಅಂದರೆ ಮಾಸ್ತರರು ಒಪ್ಪಲಿಲ್ಲ. ನಾಳೆ ನಂಬರು ಬದಲಾದರೆ ಮನೆಮಗಳನ್ನು ಹೊರಗೆ ಹಾಕುವುದು ಹೇಗೆ ಎಂದು ಕೇಳಿದರು.

ನನ್ನ ಹೆಸರು ಮೋನಪ್ಪ. ನಾವು ಕಂಚಗಾರರು. ಊರಿನ ಅಡುಗೆಮನೆಗಳಲ್ಲಿದ್ದ ಹಂಡೆ, ಕೊಡ, ತಪ್ಪಲೆ, ಚರಿಗೆ, ಅಕ್ಕಿ ಅಳೆಯುವ ಸೇರು, ಎಲ್ಲವೂ ನಮ್ಮ ಕುಲುಮೆಯವು. ತಾಮ್ರ ಹೊರಗಿನಿಂದಲೇ ಬರುತ್ತಿತ್ತು, ಆದರೆ ನಾವು ಕರಗಿಸಿ ಬಡಿದ ಮೇಲೆ ಅದು ಇಲ್ಲಿಯದೇ. ನಮ್ಮಪ್ಪ ಪ್ರತಿ ಪಾತ್ರೆಯ ತಳದಲ್ಲಿ ಅರ್ಧ ಚಂದ್ರನ ಮುದ್ರೆ ಒತ್ತುತ್ತಿದ್ದ. ಒಂದು ದಿನ ಅವನಿಗೆ ಬುತ್ತಿ ತಂದ ನಮ್ಮವ್ವನಿಗೆ ಕುಲುಮೆಯಲ್ಲೇ ಬೇನೆ ಬಂತು. ನಾನು ಹುಟ್ಟಿದ್ದು ತಿದಿಯ ಪಕ್ಕ. ಅಪ್ಪ ಖುಷಿಗೆ ಮುದ್ರೆಯನ್ನು ಮಸಿಯಲ್ಲಿ ಅದ್ದಿ ನನ್ನ ಬಲ ಅಂಗಾಲಿಗೆ ಒತ್ತಿದನಂತೆ. "ಇದೂ ಇಲ್ಲೇ ತಯಾರಾದದ್ದು" ಅಂದನಂತೆ. ಈ ಕಥೆಯನ್ನು ನಾನು ಬಹಳ ಹೆಮ್ಮೆಯಿಂದ ಊರಿಗೆಲ್ಲ ಹೇಳಿಕೊಂಡು ತಿರುಗಿದವ.

ನನ್ನ ಹೆಂಡತಿ ಹೊರಗಿನವಳು. ಮೂವತ್ತೊಂದು ವರ್ಷದ ಹಿಂದೆ ಚಕ್ಕಡಿಯಲ್ಲಿ ಬಂದಳು. ಅವಳ ಅವ್ವ ಊರಬಾಗಿಲ ಅಗಸಿಯ ತನಕ ಜೊತೆಗೆ ಬಂದು, ಅಲ್ಲಿಂದಲೇ ಏನೋ ಕೂಗಿ ಹೇಳಿ ತಿರುಗಿ ಹೋದಳು. ಇವಳು ನಮ್ಮ ಹೊಸ್ತಿಲಲ್ಲಿ ಸೇರು ಉರುಳಿಸಿ ನನ್ನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಹೇಳಿದಳು. ನಾನೇ ನಾಚಿಕೊಂಡೆ. ಜೀವಮಾನವಿಡೀ ತಾಮ್ರ ಬಡಿದ ಅಪ್ಪ ಸೊಸೆಗಾದರೂ ಬಂಗಾರದ ಹೆಸರಿರಲಿ ಎಂದು ಸುವರ್ಣಾ ಎಂದು ಹೆಸರಿಟ್ಟ, ಮದುವೆಯ ಹಂಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಆ ಹೆಸರನ್ನು ಕೆತ್ತಿದ. ನಾನು ಅವಳನ್ನು ಯಾವ ಹೆಸರಿನಿಂದಲೂ ಕರೆದವನಲ್ಲ. 'ಏ' ಅಂದರೆ ಬರುತ್ತಿದ್ದಳು. ಮಕ್ಕಳಾಗಲಿಲ್ಲ. ಆಗದಿದ್ದುದಕ್ಕೆ ಇಬ್ಬರೂ ಅತ್ತದ್ದುಂಟು, ಬೇರೆ ಬೇರೆ ಮೂಲೆಯಲ್ಲಿ ಕುಳಿತು.

ಯೋಹಾನ್ ಸಾಹೇಬರು ಬಂದದ್ದು ಮುನ್ನೂರು ಕುಕ್ಕರುಗಳ ಜೊತೆ. ಅವರ ಕಂಪನಿ ಸಮುದ್ರದಾಚೆ, ಒಂದು ತಿಂಗಳ ದಾರಿ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಚಾವಡಿಯಲ್ಲಿ ನಿಂತು, "ಮಾನ್ಯರೇ, ನಮ್ಮ ಸಂಸ್ಥೆಯು ತಮ್ಮ ಪಟ್ಟಣವನ್ನು ಪ್ರವೇಶಿಸಲು ಉತ್ಸುಕವಾಗಿದೆ" ಅಂದರು. ಬಾಗಿಲು ತೆರೆದೇ ಇದೆಯಲ್ಲ, ಬರಲಿ ಎಂದು ಜನ ಅಂದುಕೊಂಡರು. ಕುಕ್ಕರುಗಳನ್ನು ಮನೆಗೊಂದರಂತೆ ಒಯ್ದರು. ಎರಡು ದಿನ ಊರ ತುಂಬ ಸೀಟಿ. ತೊಗರಿಬೇಳೆ ಅಷ್ಟು ಬೇಗ ಬೇಯುವುದನ್ನು ನಾವು ಕಂಡಿರಲಿಲ್ಲ. ಹೆಂಗಸರಿಗೆ ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂದು ತೋಚದೆ ಮತ್ತೊಮ್ಮೆ ಬೇಳೆ ಇಟ್ಟರು. ಮೂರನೇ ದಿನ ಮಧ್ಯಾಹ್ನ ಮುನ್ನೂರೂ ಹೋದವು. ಸಾಹೇಬರೂ ಹೋದರು, ಅವರು ಎಲೆಯ ಮುಂದೆ ಕುಳಿತಿದ್ದವರು, ಮಜ್ಜಿಗೆ ಬಡಿಸಲು ತಿರುಗಿ ಬರುವಷ್ಟರಲ್ಲಿ ಇರಲಿಲ್ಲ. ಕುಕ್ಕರುಗಳು ಕಂಪನಿಯ ಉಗ್ರಾಣಕ್ಕೆ ಸುರಕ್ಷಿತವಾಗಿ ತಲುಪಿವೆ, ಕೆಲವುಗಳಲ್ಲಿ ಬೇಳೆ ಇದೆ ಎಂದು ಆಮೇಲೆ ಪತ್ರ ಬಂತು.

ಸಾಹೇಬರು ಬಿಡುವ ಆಸಾಮಿಯಲ್ಲ. ಎರಡು ತಿಂಗಳ ನಂತರ ಕುಕ್ಕರಿಲ್ಲದೆ, ಬರೇ ನಕ್ಷೆ ಹಿಡಿದುಕೊಂಡು ನಮ್ಮ ಕುಲುಮೆಗೆ ಬಂದರು. ಹೆಸರು ಕಂಪನಿಯದು, ವಿದ್ಯೆ ಕಂಪನಿಯದು, ಬಡಿಯುವವನು ನಾನು, ಮಾರಿದ್ದರಲ್ಲಿ ಅವರಿಗೊಂದು ಪಾಲು. ಇದಕ್ಕೆ ಪರವಾನಗಿ ಕೊಡುವುದು ಅನ್ನುತ್ತಾರಂತೆ. ನಕ್ಷೆಯೂ ಮೂರನೇ ದಿನ ಹೋಗುವುದರಿಂದ ಎರಡು ದಿನದಲ್ಲಿ ಅದನ್ನು ಕಂಠಪಾಠ ಮಾಡಿದೆ. ಕುಕ್ಕರು ಚೆನ್ನಾಗಿಯೇ ಬಂದವು. ಆದರೆ ಸೀಟಿ ಮತ್ತು ರಬ್ಬರು ಅಲ್ಲಿಂದ ಬಂದವು, ಅವು ಹೋದವು. ಸೀಟಿಯನ್ನು ನಾನೇ ಎರಕ ಹೊಯ್ದೆ. ರಬ್ಬರಿನ ಬದಲು ಸಮಗಾರ ದುರ್ಗಪ್ಪ ಚರ್ಮದ ಬಳೆ ಕೊಯ್ದುಕೊಟ್ಟ. ಮಡಿವಂತರು ಕೆಲವರು ಕೊಳ್ಳಲಿಲ್ಲ. ಉಳಿದವರು ಸಾಲು ನಿಂತರು, ನನ್ನ ಕೈ ಸಾಲಲಿಲ್ಲ.

ಆಗ ಸಾಹೇಬರು ಮೂರನೇ ಸಲ ಬಂದು, ಇಬ್ಬರೂ ಕೂಡಿ ಮಾಡೋಣ, ಅರ್ಧ ನಿಮ್ಮದು ಅರ್ಧ ನಮ್ಮದು, ನಾವು ಯಂತ್ರ ತರುತ್ತೇವೆ ಅಂದರು. ಕಾಲಲ್ಲಿ ಒತ್ತಿದರೆ ತಗಡಿನಿಂದ ಪಾತ್ರೆ ಬೀಳುವ ಯಂತ್ರ. ಅದೂ ಮೂರನೇ ದಿನ ಹೋದರೆ ಏನು ಮಾಡುವುದು ಎಂದು ನಾನು ತಲೆ ಕೆರೆದುಕೊಂಡೆ.

"ತುಂಬಿಸ್ಕೋಬೇಕಪಾ, ಮತ್ತೇನು" ಅಂದಳು ಇವಳು, ರೊಟ್ಟಿ ಬಡಿಯುತ್ತ. "ಗಂಡುಮಗ ಇಲ್ಲ ಅಂದ್ರ ಸೊಸಿ ಬರಬಾರದೇನು?"

ಹದಿನಾರು ಜನ ಯಂತ್ರವನ್ನು ಚಕ್ಕಡಿಯಿಂದ ಎತ್ತಿ ಮನೆಯ ಹೊಸ್ತಿಲಿಗೆ ತಂದರು. ಇವಳು ಅದಕ್ಕೆ ಹಸಿರು ಸೀರೆ ಸುತ್ತಿ, ಅರಿಸಿನ ಕುಂಕುಮ ಹಚ್ಚಿದಳು. ಯಂತ್ರಕ್ಕಿದ್ದದ್ದು ಒಂದೇ ಪೆಡಲು, ಅದನ್ನೇ ಬಲಗಾಲು ಎಂದು ತೀರ್ಮಾನಿಸಿದೆವು. ಸೇರು ಉರುಳಿತು, ಸ್ವಲ್ಪ ಚಪ್ಪಟೆಯೂ ಆಯಿತು. ಹೆಸರು ಹೇಳುವವರು ಯಾರು? ತವರಿನ ಕಡೆಯವರೆಂದು ಸಾಹೇಬರು ಮುಂದೆ ಬಂದು, "ಶ್ರೀಯುತ ಮೋನಪ್ಪನವರು" ಎಂದರು. ಐವರು ಮುತ್ತೈದೆಯರು ಹೌದು ಅಂದರು. ಯಂತ್ರ ಉಳಿಯಿತು.

"ತುಂಬಿಸ್ಕೊಂಡಾಕಿ ನಾನು, ಹೆಸರು ನಿಮ್ಮದು" ಎಂದು ಇವಳು ಆವತ್ತು ಗೊಣಗಿದಳು. ನಾನು ನಕ್ಕೆ.

ಸಾಹೇಬರು ಹೊರಡುವ ಮುಂಚೆ ಮೆಲ್ಲಗೆ, "ಸಹೋದರಿ, ನನಗೂ ಒಂದು ಸೇರು ಇಡುವಿರಾ? ಪ್ರತಿಸಲ ಊಟದ ನಡುವೆ ಹೋಗುವುದು ದುಃಖಕರವಾಗಿದೆ" ಅಂದರು.

"ಇಡಾಕೇನ್ರೀ, ಇಡ್ತೀನಿ. ಆದ್ರ ಒಳಗ ಬಂದ ಮ್ಯಾಲೆ ನೀವು ನಮ್ಮವರು, ಅಲ್ಲಿಯವರಲ್ಲ. ಮೊದಲ ನಿಮ್ಮ ಅವ್ವನ್ನ ಕೇಳಿ ಬರ್ರಿ."

ಸಾಹೇಬರು ಬಹಳ ಹೊತ್ತು ಹೊಸ್ತಿಲನ್ನು ನೋಡುತ್ತ ನಿಂತಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ.

ಯಂತ್ರವನ್ನು ಕುಲುಮೆಯಲ್ಲಿ ಕೂರಿಸಿದೆವು. ಎರಡು ವರ್ಷ ಚೆನ್ನಾಗಿ ನಡೆಯಿತು. ಇವಳು ಪ್ರತಿ ಶುಕ್ರವಾರ ಯಂತ್ರಕ್ಕೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಊರ ಸುದ್ದಿಯನ್ನೆಲ್ಲ ಹೇಳಿ ಬರುತ್ತಿದ್ದಳು. ಪೆಡಲು ಒತ್ತುವುದನ್ನೂ ಕಲಿತಳು. ಹೀಗಿರುವಾಗ ಒಂದು ಭಾನುವಾರ ಸಾಹೇಬರು ಕಾಗದಗಳ ಕಟ್ಟು ಹಿಡಿದು ಬಂದರು. ಕಂಪನಿಗೆ ಈಗ ಅರ್ಧ ಸಾಲದಂತೆ, ಪೂರ್ತಿ ಬೇಕಂತೆ. ಕುಲುಮೆ, ಅದರ ಹೆಸರು, ಮುದ್ರೆ, ಹಿಂದೆ ಅಲ್ಲಿ ತಯಾರಾದದ್ದರ, ಮುಂದೆ ತಯಾರಾಗುವುದರ ಮೇಲಿನ ಹಕ್ಕು, ಸಮಸ್ತವನ್ನೂ ಕೊಂಡುಕೊಳ್ಳುತ್ತಾರೆ. ನಾನು ಮುಖ್ಯ ಸಲಹೆಗಾರ. ನನಗೆಂದು ತಿರುಗುವ ಕುರ್ಚಿಯನ್ನೂ ತಂದಿದ್ದರು.

"ಮನಿ ಯಾಕ ಮಾರ್ತೀರಿ?" ಅಂದಳು ಇವಳು.

"ಮನಿ ಅಲ್ಲ, ಕುಲುಮಿ. ಮನಿ ಬ್ಯಾರೆ, ಕುಲುಮಿ ಬ್ಯಾರೆ."

"ನೀವು ಹುಟ್ಟಿದ್ದೆಲ್ಲಿ?"

ಹೆಂಗಸರ ಅಡ್ಡಮಾತು ಎಂದುಕೊಂಡೆ. ರಟ್ಟೆ ನೋಯುತ್ತಿತ್ತು, ವಯಸ್ಸು ಐವತ್ತೈದು, ಮುಂದೆ ಸುತ್ತಿಗೆ ಹಿಡಿಯುವ ಮಗನಿಲ್ಲ. ನಿಜ ಹೇಳಬೇಕೆಂದರೆ ಇದ್ಯಾವುದೂ ಕಾರಣವಲ್ಲ, ಆ ಕುರ್ಚಿಯ ಆಸೆ. ಕೂತು ಎರಡು ಸುತ್ತು ತಿರುಗಿ ಸಹಿ ಹಾಕಿದೆ. ಸಾಹೇಬರು ಕುಲುಮೆಗೆ ಕಂಪನಿಯ ದೊಡ್ಡ ಬೀಗ ಜಡಿದರು. ನೋಂದಣಿಗೆಂದು ಅದೇ ಸಂಜೆಯ ಬಸ್ಸಿಗೆ ಇಬ್ಬರೂ ತಾಲೂಕಿಗೆ ಹೋದೆವು. ಸೋಮವಾರ ಕೆಲಸ ಮುಗಿಸಿ ಸಾಹೇಬರು ಅಲ್ಲಿಂದಲೇ ತಮ್ಮ ಹಡಗಿಗೆ ಹೋದರು. ಬಸ್ಸು ಕೆಟ್ಟು ನಾನು ಊರು ಸೇರಿದ್ದು ಮಂಗಳವಾರ ಸಂಜೆ.

ಅಗಸಿಯಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಬಾವಿಕಟ್ಟೆಯಲ್ಲಿ ಹೆಂಗಸರು ಮಣ್ಣಿನ ಗಡಿಗೆಗಳನ್ನು ಹಿಡಿದು ನಿಂತಿದ್ದರು. ಯಾರೂ ಮಾತಾಡಿಸಲಿಲ್ಲ. ನಮ್ಮ ಮನೆಯ ಪಕ್ಕದ ಹೊನ್ನವ್ವ, ಊರಿನ ಅರ್ಧ ಕೂಸುಗಳನ್ನು ಹಿಡಿದ ಸೂಲಗಿತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೋನಪ್ಪಣ್ಣ, ಒಲಿ ಮ್ಯಾಲಿನ ಬ್ಯಾಳಿ ಸಮೇತ ಹೋತು."

"ಏನು ಹೋತು?"

"ಏನ ಉಳದೈತಿ ಅಂತ ಕೇಳು."

ಅರ್ಧ ಚಂದ್ರನ ಮುದ್ರೆಯಿದ್ದದ್ದು ಒಂದೂ ಉಳಿದಿರಲಿಲ್ಲ. ಮಧ್ಯಾಹ್ನ ಊಟವಾಗಿ ಊರು ಅಡ್ಡಾಗಿದ್ದಾಗ ಬಚ್ಚಲ ಹಂಡೆಗಳು ನೀರಿನ ಸಮೇತ ಹೋಗಿದ್ದವು. ಅಜ್ಜಿಯರು ತವರಿನ ಮಾತಿನಷ್ಟು ಜೋಪಾನ ಮಾಡಿದ್ದ ಕೊಡಗಳು ಹೋಗಿದ್ದವು. ಹೊನ್ನವ್ವ ಕೂಸುಗಳಿಗೆ ಮೊದಲ ನೀರು ಹಾಕುವ ಬೋಗುಣಿ ಹೋಗಿತ್ತು. ನಮ್ಮಪ್ಪ ನಲವತ್ತು ವರ್ಷ ಬಡಿದದ್ದೆಲ್ಲ, ನಾನು ಮೂವತ್ತು ವರ್ಷ ಬಡಿದದ್ದೆಲ್ಲ, ತಯಾರಾದ ಮನೆ ಈಗ ಎಲ್ಲಿಯದೋ ಅಲ್ಲಿಗೆ ಹೋಗಿತ್ತು. ಅಪ್ಪ ಸತ್ತಾಗ ನಾನು ಅತ್ತಿರಲಿಲ್ಲ. ಆವತ್ತು ನಡುಬೀದಿಯಲ್ಲಿ ಕುಳಿತು ಅತ್ತೆ. ಜನ ಬಯ್ಯಲಿಲ್ಲ, ಸುತ್ತಿ ಬಳಸಿ ಹೋದರು. ಅದೇ ಹೆಚ್ಚು ಉರಿಯಿತು.

ಮನೆಗೆ ಬಂದರೆ ಇವಳು ಗಡಿಗೆಯಲ್ಲಿ ನುಚ್ಚು ಬೇಯಿಸುತ್ತಿದ್ದಳು. ನನ್ನ ಕುರ್ಚಿಯೂ ಹೋಗಿತ್ತು.

"ಕಾಲು ತೋರಸ್ರಿ" ಅಂದಳು.

"ಯಾಕ?"

"ತೋರಸ್ರಿ ಅಂದೆ."

ಬಲ ಅಂಗಾಲು ದಾರಿಯುದ್ದಕ್ಕೂ ನವೆಯುತ್ತಿತ್ತು. ಚಪ್ಪಲಿ ಕಚ್ಚಿದೆ ಎಂದುಕೊಂಡಿದ್ದೆ. ಇವಳು ದೀಪ ಹಿಡಿದು ನೋಡಿ, ಸೆರಗಿನಿಂದ ಒರೆಸಿ, ಮತ್ತೆ ನೋಡಿದಳು. ಐವತ್ತೈದು ವರ್ಷದ ಹಿಂದೆ ತೊಳೆದುಹೋಗಿದ್ದ ಮಸಿ ಅರ್ಧ ಚಂದ್ರನ ಆಕಾರದಲ್ಲಿ ಎದ್ದು ಕಾಣುತ್ತಿತ್ತು.

"ನೀವು ಮಧ್ಯಾಹ್ನ ಊರಾಗಿದ್ರ ಹಂಡೇದ ಜೋಡಿ ಹೋಗಿರ್ತಿದ್ರಿ" ಅಂದಳು. "ಇವತ್ತು ಬಂದೀರಿ. ಇವತ್ತು, ನಾಳೆ, ನಾಡದು ಗುರುವಾರ."

ಸಮುದ್ರದಾಚೆಯ ಉಗ್ರಾಣದಲ್ಲಿ, ಬೇಳೆ ಮೆತ್ತಿದ ಕೊಡಗಳ ನಡುವೆ ನಾನು ಎದ್ದು ಕೂರುವುದು ಕಣ್ಣಿಗೆ ಕಟ್ಟಿತು. ಒಂದು ತಿಂಗಳ ದಾರಿ ಸವೆಸಿ ಬಂದರೂ ಎರಡೂವರೆ ದಿನ. ಇವಳ ಕೈಯ ರೊಟ್ಟಿ ತಿನ್ನಲು ಎರಡೂವರೆ ದಿನ. ಸಾಹೇಬರು ಹೊಸ್ತಿಲನ್ನು ಹಾಗೇಕೆ ನೋಡುತ್ತಿದ್ದರೆಂದು ಆಗ ಅರ್ಥವಾಯಿತು.

"ನನ್ನ ತುಂಬಿಸ್ಕೋ" ಅಂದೆ.

"ಸೇರು ಎಲ್ಲೈತಿ?" ಅಂದಳು.

ಊರಿನ ಸೇರುಗಳೆಲ್ಲ ನಮ್ಮ ಕುಲುಮೆಯವೇ. ಎಲ್ಲವೂ ಹೋಗಿದ್ದವು. ಗಡಿಗೆಯಲ್ಲಿ ಇಟ್ಟರಾಗದೇ ಎಂದರೆ ಹಿರಿಯರು ಒಪ್ಪಲಿಲ್ಲ, ಅಳತೆಯಿಲ್ಲದ ಅಕ್ಕಿ ಶಾಸ್ತ್ರಕ್ಕೆ ಬಾರದು ಅಂದರು. ಬುಧವಾರವಿಡೀ ನಾನು ಕಟ್ಟೆಯ ಮೇಲೆ ಕುಳಿತು ಕಾಲು ಕೆರೆದುಕೊಂಡೆ. ಗುರುವಾರ ಬೆಳಿಗ್ಗೆ ಇವಳು ಎದ್ದು ಕುಲುಮೆಗೆ ಹೋದಳು. ಕಂಪನಿಯ ಬೀಗ ಇರಲಿಲ್ಲ. ಅದೂ ಹೊರಗಿನದು, ಮಂಗಳವಾರವೇ ಹೋಗಿತ್ತು. ಒಳಗೆ ತಿದಿ ಇರಲಿಲ್ಲ, ಅಡಿಗಲ್ಲು ಇರಲಿಲ್ಲ, ಸುತ್ತಿಗೆಗಳಿರಲಿಲ್ಲ. ಹಸಿರು ಸೀರೆಯ ಯಂತ್ರವೊಂದೇ ನಿಂತಿತ್ತು. ಅದು ನಮ್ಮ ಮನೆಯ ಸೊಸೆ, ಎಲ್ಲಿಗೆ ಹೋದೀತು?

ಹಿಂದಿನ ದಿನ ಬಸ್ಸಿನ ಕಂಡಕ್ಟರ್ ತಾಲೂಕಿನಿಂದ ತಂದುಕೊಟ್ಟ ಒಂದು ಚೂರು ತಗಡು ಇವಳ ಕೈಯಲ್ಲಿತ್ತು. ಇವಳು ಅದನ್ನಿಟ್ಟು ಪೆಡಲು ಒತ್ತಿದಳು. ಸೇರು ಬಿತ್ತು. ಕುಲುಮೆ ಕಂಪನಿಯದಾದ್ದರಿಂದ ಸೇರೂ ಕಂಪನಿಯದೇ, ಆದರೆ ನಮಗೆ ಬೇಕಾದದ್ದು ಒಂದೇ ದಿನಕ್ಕೆ.

ಮುತ್ತೈದೆಯರು ಬರುತ್ತಾರೋ ಇಲ್ಲವೋ ಎಂದು ನನಗೆ ಪುಕುಪುಕು. ಬಂದರು. ಹೊನ್ನವ್ವ ಎಲ್ಲರಿಗಿಂತ ಮುಂದೆ, ಉಡಿಯಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿಕೊಂಡು.

"ನಿನ್ನ ಮುಖಾ ನೋಡಿ ಬಂದಿಲ್ಲ, ಆಕೀದು ನೋಡಿ ಬಂದೀನಿ. ಒಳಗ ಬಂದ ಮ್ಯಾಲೆ ನನ್ನ ಬೋಗುಣಿ ಬಡದುಕೊಡಬೇಕು."

"ಕೊಡ್ತೀನವ್ವ."

"ಊರಿಗೆಲ್ಲ."

"ಊರಿಗೆಲ್ಲ. ನಮ್ಮ ಹಿತ್ತಲದಾಗ ಕುಂತು ಬಡೀತೀನಿ."

"ನಮ್ಮ ಹಿತ್ತಲ ಅಂತ!" ಅಂದಳು ಹೊನ್ನವ್ವ. "ಮೊದಲ ಒಳಗ ಬಾ."

ಐವರೂ ತಮ್ಮ ತಮ್ಮ ಹಿಡಿ ಅಕ್ಕಿ ಸುರಿದರು, ಸೇರು ತುಂಬಿತು. ಇವಳು ಅದನ್ನು ಹೊಸ್ತಿಲ ಮೇಲಿಟ್ಟು ಒಳಗೆ ನಿಂತಳು. ನಾನು ಹೊರಗೆ. ಮೂವತ್ತೊಂದು ವರ್ಷ ಒಳಗೆ ನಿಂತು ಕರೆದವನು ಈಗ ಹೊರಗೆ ನಿಂತು ಅವಳನ್ನು ನೋಡುತ್ತಿದ್ದೆ. ಕೂದಲು ಬೆಳ್ಳಗಾಗಿತ್ತು, ಯಾವಾಗ ಆಯಿತೋ. ಬೀದಿಯಲ್ಲಿ ಒಂದೊಂದೇ ಮನೆಯವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಅಂಗಾಲು ಉರಿಯತೊಡಗಿತ್ತು.

"ಹೆಸರು ಹೇಳ್ರಿ" ಅಂದಳು.

ಮೊದಲ ಸಲ ಬಾಯಿ ಬಿಟ್ಟು ಹೇಳಿದೆ: "ಸುವರ್ಣಾ."

ಮುತ್ತೈದೆಯರು ಹೌದು ಅನ್ನಲು ಬಾಯಿ ತೆರೆದರು. ಇವಳು ಕೈ ಅಡ್ಡ ಹಿಡಿದಳು.

"ಅದು ನಿಮ್ಮಪ್ಪ ಹಂಡೇದ ಮ್ಯಾಲೆ ಬಡದದ್ದು. ಅಲ್ಲೇ ಕುಲುಮ್ಯಾಗ ತಯಾರಾದ ಹೆಸರು. ಹಂಡೇದ ಜೋಡಿ ಅದೂ ಹೋತು."

"ಮತ್ತ?"

"ನಾ ತವರಿಂದ ತಂದದ್ದೊಂದಿತ್ತು. ಅದನ್ನ ಹೇಳ್ರಿ."

ಅವಳಿಗೆ ಸಿಟ್ಟಿರಲಿಲ್ಲ. ಕಣ್ಣು ತುಂಬಿತ್ತು. ಬಿಟ್ಟುಕೊಡಲು ಅವಳಿಗೂ ಮನಸ್ಸಿಲ್ಲ, ಸುಳ್ಳು ಹೆಸರಿನಿಂದ ಒಳಗೆ ಕರೆದುಕೊಂಡರೆ ನಾನು ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೇಳಿಕೊಡುವಂತೆಯೂ ಇಲ್ಲ. ನಾನು ಕಣ್ಣು ಮುಚ್ಚಲು ಹೋದೆ, ಹೊನ್ನವ್ವ ರಟ್ಟೆ ಹಿಡಿದು ಅಲುಗಾಡಿಸಿದಳು. "ಕಣ್ಣ ಮುಚ್ಚಬ್ಯಾಡೋ, ಹೋಗಿಬಿಡ್ತಿ!"

ಕಣ್ಣು ಬಿಟ್ಟುಕೊಂಡೇ ಹುಡುಕಿದೆ. ಮದುವೆಯ ಕರೆಯೋಲೆ ನೆನಪಾಗಲಿಲ್ಲ. ಮಾವನ ಬಾಯಲ್ಲಿ 'ಮಗಳು' ಅಷ್ಟೇ ಇತ್ತು. ಬೀದಿ ನಿಶ್ಶಬ್ದವಾಗುತ್ತ ಬಂತು, ಕೊನೆಯ ಮನೆಯ ಬಾಗಿಲೂ ಮುಚ್ಚಿತು. ಅಗಸಿಯ ಕಡೆಯಿಂದ ಯಾವುದೋ ಚಕ್ಕಡಿಯ ಗಾಲಿ ಕಿರುಗುಟ್ಟಿತು. ಆಗ ಆ ಹಳೆಯ ಚಕ್ಕಡಿ ನೆನಪಾಯಿತು, ಅದರಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ಹುಡುಗಿ, ಅಗಸಿಯಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದ ಅವಳ ಅವ್ವ. ಅವ್ವ ಕೂಗಿದ್ದು ನನಗೂ ಕೇಳಿಸಿತ್ತು. ಕೇಳಿಸಿದರೂ ನನ್ನದಲ್ಲವೆಂದು ಬಿಟ್ಟಿದ್ದೆ. ಹೊಸ್ತಿಲ ನೋಡಿ ದಾಟವ್ವಾ, ಕೆಂಚೀ.

"ಕೆಂಚವ್ವ" ಅಂದೆ.

ಐವರೂ ಇವಳ ಮುಖ ನೋಡಿದರು. ಇವಳು ಹೌದೆಂದು ತಲೆಯಾಡಿಸಿದಳು. ಐವರೂ ಹೌದು ಅಂದರು. ನಾನು ಬಲಗಾಲಿಂದ ಸೇರನ್ನು ಉರುಳಿಸಿದೆ, ಅಕ್ಕಿ ಅವಳ ಪಾದದ ತನಕ ಹರಡಿತು.

ಮೂರನೇ ದಿನ ಮಧ್ಯಾಹ್ನ ಸೇರು ಹೋಯಿತು. ನಾನು ಕೆಂಚವ್ವನ ಮನೆಯಲ್ಲಿದ್ದೇನೆ.